ಓಬಳಮ್ಮನ ಗಂಟಲು

ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆಹುಳು ಸೊಪ್ಪು ತಿನ್ನುವಾಗ ಹುಳುಮನೆಯೊಳಗೆ ಮಳೆ ಹುಯ್ಯುವ ಸದ್ದು. ಹೊರಗೆ ಒಂದು ಮೋಡವಿಲ್ಲದ ಬೇಸಿಗೆ, ಒಳಗೆ ಜಿಟಿಜಿಟಿ ಸೋನೆ. ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು, ಮೇವು ಬಿಟ್ಟು ಮಂಕಾಗಿ ಕೂರುತ್ತದಲ್ಲ, ಅದಕ್ಕೆ ಈ ಸೀಮೆಯಲ್ಲಿ ಜ್ವರ ಅನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಎಲ್ಲರೂ ಮೆಲ್ಲಗೆ ಹೆಜ್ಜೆ ಇಡುತ್ತಾರೆ. ಕಿಟಕಿಗೆ ಗೋಣಿತಾಟು ಕಟ್ಟುತ್ತಾರೆ. ಸುಣ್ಣ ಉದುರಿಸುತ್ತಾರೆ. ಕೂಲಿಯವರಿಗೆ ಜ್ವರ ಬಂದರೆ ಬೇರೆ ಕೂಲಿಯವರನ್ನು ಕರೆಸುತ್ತಾರೆ.

ಓಬಳಮ್ಮ ಹಿಪ್ಪುನೇರಳೆ ಕಡ್ಡಿಯ ಹೊರೆಯನ್ನು ತಲೆಯಿಂದ ಇಳಿಸಿದಳು. ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡಳು. ಕೆಮ್ಮು ಎದೆಯಿಂದ ಹೊರಟಾಗಿತ್ತು. ಹುಳುವಿನ ಹಿಕ್ಕೆ ಸುರಿಯುವ ಹಿತ್ತಲ ತಿಪ್ಪೆಯವರೆಗೆ ಓಡಿಹೋಗಿ, ಅಲ್ಲಿ ಕುಕ್ಕರಗಾಲಲ್ಲಿ ಕೂತು, ಬೇಕಾದಷ್ಟು ಕೆಮ್ಮಿ ವಾಪಸ್ಸು ಬಂದಳು. ಮುಖ ಬದನೇಕಾಯಿ ಬಣ್ಣಕ್ಕೆ ತಿರುಗಿತ್ತು.

ಹುಳುಮನೆಯಲ್ಲಿ ಕೆಮ್ಮಬಾರದು. ಅದು ಹುಳುಮನೆಯ ಯಜಮಾನ ಮುರಳಿಮೋಹನ್ ಕಾನೂನು.

ಸಾದಲಿ ಹೋಬಳಿಯ ಸೊಣ್ಣಗುಂಟೆಯಲ್ಲಿ ಅಷ್ಟು ದೊಡ್ಡ ಹುಳುಮನೆ ಇನ್ನೊಂದಿರಲಿಲ್ಲ. ಮುರಳಿಮೋಹನ್‌ಗೆ ಧಣಿ, ಗೌಡ್ರು ಅಂದರೆ ಆಗುತ್ತಿರಲಿಲ್ಲ. ಕೂಲಿಯವರೆಲ್ಲ ‘ಅಣ್ಣ’ ಅನ್ನಬೇಕು. ಈ ಅಣ್ಣತಮ್ಮಿಕೆ ಜಗಲಿಯ ಅಂಚಿನವರೆಗೆ ಇರುತ್ತಿತ್ತು. ಅಲ್ಲಿಂದ ಒಳಕ್ಕೆ ಅಣ್ಣ ಹೋಗುತ್ತಿದ್ದ, ತಮ್ಮಂದಿರು ಅಂಗಳದಲ್ಲಿ ನಿಂತು ಪೇಪರ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು.

ತಿಪ್ಪೆಯಿಂದ ಬಂದ ಓಬಳಮ್ಮನನ್ನು ರಾಮಾಂಜಿನಪ್ಪ ನೋಡಿದ. ಹೊರೆ ಬಿಚ್ಚುವುದನ್ನು ನಿಲ್ಲಿಸಿ, ಹೆಗಲ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು, ಕಣ್ಣು ಹೊರಕ್ಕೆ ತಂದು, ಅವಳ ಕೆಮ್ಮನ್ನೇ ಕೆಮ್ಮಿದ. ಮೊದಲು ಒಂದು ಸಣ್ಣ ಕೀರಲು, ಆಮೇಲೆ ಮೂರು ಗುದ್ದು, ಕೊನೆಗೆ "ಅಯ್ಯೋ ನಾಯನಾ" ಅನ್ನುವ ನಿಟ್ಟುಸಿರು. ಸೊಪ್ಪು ಹಾಸುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಮುದುಕ ಗಂಗುಲಪ್ಪನಂತೂ ಹುಳದ ತಟ್ಟೆ ಹಿಡಿದುಕೊಂಡೇ ಕುಸಿದ.

"ಏಮಿರಾ, ನನ್ ಕೆಮ್ಮೂ ನಿಂಗೇ ಬೇಕಾ? ತಗೊಂಡೋಗು, ಪೂರ್ತಿ ನೀನೇ ಇಟ್ಕೋ," ಅಂದಳು ಓಬಳಮ್ಮ. ಅವಳೂ ನಕ್ಕಳು. ನಕ್ಕಿದ್ದಕ್ಕೆ ಇನ್ನೊಂದು ಸುತ್ತು ಕೆಮ್ಮು ಬಂತು. ಮತ್ತೆ ತಿಪ್ಪೆಗೆ ಓಡಿದಳು.

ರಾಮಾಂಜಿನಪ್ಪನ ಗಂಟಲು ಹಾಗೆ. ಪಿಯುಸಿಯಲ್ಲಿ ಡುಮ್ಕಿ ಹೊಡೆದು ಬಂದ ಮೇಲೆ ಅವನ ಕೈ ಕಡ್ಡಿ ಕೊಯ್ಯುವುದಕ್ಕೆ ಹೋಯಿತು, ಗಂಟಲು ಮಾತ್ರ ಊರೂರು ಸುತ್ತುತ್ತಿತ್ತು. ಹಿಂದಕ್ಕೆ ಬರುವ ಟೆಂಪೋ, ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು, ಮುರಳಣ್ಣನ "ಏನಪ್ಪಾ ಸೋಮಾರಿ ಸಂಘದ ಅಧ್ಯಕ್ಷ", ಎಲ್ಲವೂ ಅದರೊಳಗಿದ್ದವು. ಲಾಕ್‌ಡೌನಿನಲ್ಲಿ ಫೋನ್ ಮಾಡಿದರೆ ಮೊದಲು ಕೆಮ್ಮಿ ಆಮೇಲೆ ಬುದ್ಧಿ ಹೇಳುತ್ತಿದ್ದ ಹೆಂಗಸಿದ್ದಳಲ್ಲ, ಅವಳನ್ನು ಅವನು ಮಾಡಿದರೆ ಜನ ಮೂಗಿನ ಮೇಲೆ ಬಟ್ಟೆ ಎಳೆದುಕೊಳ್ಳುತ್ತಿದ್ದರು. ತನ್ನ ಸ್ವಂತ ದನಿಯಲ್ಲಿ ಅವನು ಮಾತಾಡುವುದೇ ಅಪರೂಪ. ಅದಕ್ಕೆ ಯಾರೂ ನಗುತ್ತಿರಲಿಲ್ಲ.

ಓಬಳಮ್ಮನ ಕೆಮ್ಮು ಮಾತ್ರ ನಗುವಂಥದ್ದಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಪ್ರಾಯದಲ್ಲೆಲ್ಲ ಅವಳು ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆದವಳು. ಕುದಿಯುವ ನೀರಿನ ಹಬೆ, ಸತ್ತ ಹುಳದ ನಾತ, ಎಲ್ಲವನ್ನೂ ಎದೆಯೊಳಗೆ ತುಂಬಿಕೊಂಡು ಊರಿಗೆ ಬಂದಳು. ಎರಡನೇ ಅಲೆಯಲ್ಲಿ ಕೊರೋನಾ ಹಿಡಿದು ಆಕ್ಸಿಜನ್ ಹಾಕಿಸಿಕೊಂಡು ಬದುಕಿದಳು. ಆಮೇಲೆ ಗುರುವಾರ ಗುರುವಾರ ಪೇಟೆಯ ಹಳೇ ಛತ್ರದಲ್ಲಿ ಉಸಿರಾಟದ ಕ್ಲಿನಿಕ್ ಇಟ್ಟಾಗ, ಅಲ್ಲಿಯ ಎದೆ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಕನ್ನಡಕ ತೆಗೆದಿದ್ದರು.

"ಮೂರನೇ ಸೂಜಿ ಹಾಕಿಸ್ಕೊಳಮ್ಮ. ಮೂರನೇದು ಈಗ ಅರವತ್ತು ದಾಟಿದವರಿಗೆ ಮಾತ್ರ, ನಮ್ಮಲ್ಲಿ ಪುಕ್ಕಟೆ. ಇನ್ನೊಂದ್ಸಲ ಆ ಕಾಯಿಲೆ ಬಂದ್ರೆ ನಿನ್ನ ಎದೆ ತಡೆಯಲ್ಲ. ಬೇಗ ಹಾಕಿಸ್ಕೋ."

ಆ ಮಾತು ಕೇಳಿಕೊಂಡು ಬಂದವಳು ಅಂಗಳದಲ್ಲಿ ನಿಂತು ಮುರಳಣ್ಣನನ್ನು ಒಂದು ಹೊತ್ತಿನ ರಜೆ ಕೇಳಿದ್ದಳು.

"ಅಯ್ಯೋ, ಬೇಡ ಅಂತೀನಾ ಓಬಳಮ್ಮ? ನಿನ್ ಜೀವಕ್ಕಿಂತ ದೊಡ್ಡದಾ?" ಅಂದಿದ್ದ ಮುರಳಿಮೋಹನ್. "ಆದ್ರೆ ನೋಡು, ಚುಚ್ಚೋಕೆ ಮುಂಚೆ ಸ್ಪಿರಿಟ್ ಒರೆಸ್ತಾರೆ. ಆ ವಾಸ್ನೆ ಹೊತ್ಕೊಂಡು ನೀನು ಒಳಗೆ ಬಂದ್ರೆ ಹುಳ ಉಳಿತಾವಾ? ಇಷ್ಟು ಜನದ ಅನ್ನ ಅದು. ಹಣ್ಣಾಗಿ ಗೂಡು ಕಟ್ಬಿಡ್ಲಿ. ನಾನೇ ಕಳಿಸ್ತೀನಿ."

ಓಬಳಮ್ಮ ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ ಹುಳ ಕಂಡವಳಿಗೆ ಇದು ಹೊಳೆಯಲಿಲ್ಲವಲ್ಲ ಅಂತ ನಾಚಿಕೊಂಡಳು. ಹುಳ ಸಾಕುವ ಮನೆಯಲ್ಲಿ ಹೆಂಗಸರು ಮಲ್ಲಿಗೆ ಮುಡಿಯುವುದಿಲ್ಲ. ಬೀಡಿ ಸೇದಿದವನು ಬಾಗಿಲು ದಾಟುವುದಿಲ್ಲ. ಒಗ್ಗರಣೆಯ ಘಾಟು ತಾಗೀತೆಂದು ಒಲೆಯನ್ನೇ ದೂರ ಇಡುತ್ತಾರೆ. ಹಾಗಿರುವಾಗ ಸ್ಪಿರಿಟ್ಟು! ಊರಿನ ಕೂಲಿಯವರೆಲ್ಲ ಅದನ್ನು ನಂಬಿದರು. ಹೇಳಿಸಿಕೊಳ್ಳದವರೂ ನಂಬಿದರು. ಹುಳ ಹಣ್ಣಾಗುವವರೆಗೆ ಯಾರೂ ಸೂಜಿಯ ಮಾತೆತ್ತಲಿಲ್ಲ.

ಹುಳುಮನೆಗೆ ಹೋಗುವವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಲ್ಲಿ ಕಾಲದ್ದಿ, ಎಲೆಅಡಿಕೆ ಸಂಚಿಯನ್ನೂ ಫೋನನ್ನೂ ಒಂದು ಬುಟ್ಟಿಗೆ ಹಾಕಬೇಕು. ಬುಟ್ಟಿ ಕವಿತಕ್ಕನ ಹತ್ತಿರ, ಅಂದರೆ ಮುರಳಣ್ಣನ ಹೆಂಡತಿಯ ಹತ್ತಿರ ಇರುತ್ತಿತ್ತು. ಸಂಜೆ ಕೈಕಾಲು ತೊಳೆದುಕೊಂಡ ಮೇಲೆ ಅವರವರದು ಅವರವರಿಗೆ.

ಒಂದು ಬೆಳಿಗ್ಗೆ ಕವಿತಕ್ಕ ಜಗಲಿಯಿಂದ ಕೂಗಿದಳು. "ರಾಮಾಂಜೀ, ಇಲ್ಲಿ ಬಾರಪ್ಪ. ಅಣ್ಣ ಕರೀತಾವ್ರೆ."

ರಾಮಾಂಜಿನಪ್ಪ ಅಂಗಳಕ್ಕೆ ಬಂದ. ಜಗಲಿಯ ಮೇಲೆ ಐಸ್ ತುಂಬಿದ ನೀಲಿ ಡಬ್ಬ ಇತ್ತು. ಅದರ ಪಕ್ಕದಲ್ಲಿ ಸೂಜಿ ಹಾಕುವ ಅಂಬರೀಶ್, ಬೆವರು ಒರೆಸಿಕೊಳ್ಳುತ್ತಿದ್ದ. ಮುರಳಣ್ಣನ ಭಾವ ಭಾನುಪ್ರಕಾಶ್ ಬೆಂಗಳೂರಿನ ಯಾವುದೋ ಆಫೀಸಿನ ಗುಮಾಸ್ತ, ಶರ್ಟಿನ ತೋಳು ಮಡಿಸಿ ಹತ್ತಿ ಒತ್ತಿಕೊಂಡು ಕೂತಿದ್ದ. ಕವಿತಕ್ಕನ ತೋಳಲ್ಲೂ ಹತ್ತಿ. ಕೂಲಿಯವರ ಫೋನಿನ ಬುಟ್ಟಿ ಮುರಳಣ್ಣನ ತೊಡೆಯ ಮೇಲಿತ್ತು.

"ಮದ್ದಿನ ಬಾಟ್ಲಿ ಒಡೆದಾಯ್ತು ಸಾರ್, ಇನ್ನು ನಾಲ್ಕು ಗಂಟೆ ಹೊತ್ತಲ್ಲಿ ಮುಗೀಬೇಕು," ಅನ್ನುತ್ತಿದ್ದ ಅಂಬರೀಶ್. "ಅರವತ್ತರ ಮೇಲಿನೋರ ಟಾರ್ಗೆಟ್ ಮುಟ್ಟಿಲ್ಲ ಅಂತ ನನಗೆ ದಿನಾ ಬೈಗುಳ. ನೀವು ಹೆಸರು ಕೊಟ್ಟಿರಿ, ಓಟಿಪಿ ಕೊಟ್ಟಿರಿ, ನನಗೂ ಆಯ್ತು ನಿಮಗೂ ಆಯ್ತು. ಆದ್ರೆ ಕಂಪ್ಯೂಟರಿಗೆ ಹಾಕಿದ ತಕ್ಷಣ ಮೇಲಿನಿಂದ ಕಾಲ್ ಮಾಡಿ ವಿಚಾರಿಸ್ತಾವ್ರೆ ಈಗ."

"ಮಾಡ್ಲಿ ಬಿಡಯ್ಯ," ಅಂದ ಮುರಳಿಮೋಹನ್. ಆಮೇಲೆ ರಾಮಾಂಜಿನಪ್ಪನ ಕಡೆ ತಿರುಗಿದ. "ಯಾಕಪ್ಪಾ ಕೆಳಗೆ ನಿಂತಿದೀಯ? ಬಾ, ಮೇಲೆ ಬಾ. ಕೂತ್ಕೋ."

ಮೇಲೆ ಬಾ! ರಾಮಾಂಜಿನಪ್ಪ ಎಡಬಲ ನೋಡಿದ. ಇನ್ಯಾರೂ ಇರಲಿಲ್ಲ. ಜಗಲಿಯ ಅಂಚಿನಲ್ಲಿ ಅರ್ಧ ಕೂತ. ಕವಿತಕ್ಕ ಕಾಫಿ ತಂದುಕೊಟ್ಟಳು. ಸ್ಟೀಲ್ ಲೋಟ! ಬೆರಳು ಸುಟ್ಟಿತು, ಆದರೂ ಕೆಳಗಿಡಲಿಲ್ಲ.

"ನಮ್ ಭಾವಂಗೆ ನೀನು ಮಾಡೋದು ಒಂದೂ ಕೇಳಿಲ್ಲ. ಎಲ್ಲಿ, ಓಬಳಮ್ಮನ ಹಂಗೆ ಮಾತಾಡು ನೋಡಣ."

ರಾಮಾಂಜಿನಪ್ಪನಿಗೆ ಕೇಳಿದ್ದೇ ಸಾಕಾಯಿತು. ಬೆನ್ನು ಬಗ್ಗಿಸಿ, ತುಟಿ ಒಳಕ್ಕೆ ಎಳೆದುಕೊಂಡು, "ಅಯ್ಯೋ ನಾಯನಾ, ಏಂ ಚೆಪ್ಪೇದಿ, ಏನ್ ಹೇಳ್ಲಿ, ಈ ಸುಡುಗಾಡು ಉಸುರು ಮೇಲಕ್ಕೂ ಬರಲ್ಲ, ಕೆಳಕ್ಕೂ ಹೋಗಲ್ಲ," ಅಂದ. ಭಾನುಪ್ರಕಾಶ್ ತೊಡೆ ತಟ್ಟಿಕೊಂಡು ನಕ್ಕ. ಕವಿತಕ್ಕ ಬಾಗಿಲಿಗೆ ಒರಗಿಕೊಂಡು ನಕ್ಕಳು. ಅಂಬರೀಶ್ ಕೂಡ ಬೆವರು ಮರೆತ.

ಆಗ ಬುಟ್ಟಿಯೊಳಗೆ ಒಂದು ಫೋನ್ ಬಡಿದುಕೊಂಡಿತು. ಮುರಳಿಮೋಹನ್ ಎತ್ತಿ ನೋಡಿ, ಗುಂಡಿ ಒತ್ತಿ, ರಾಮಾಂಜಿನಪ್ಪನ ಕಿವಿಗೆ ಹಿಡಿದ. ಇನ್ನೊಂದು ಕೈಯಲ್ಲಿ ಅವನ ಬೆನ್ನು ಸವರಿದ. "ಹಂಗೇ ಮುಂದುವರಿಸು," ಅಂತ ಪಿಸುಗುಟ್ಟಿದ.

"ನಮಸ್ಕಾರ, ಓಬಳಮ್ಮ ಅವರಾ?" ಬೆಂಗಳೂರಿನ ಒಂದು ಹುಡುಗಿಯ ದನಿ. "ನಿಮಗೆ ಮೂರನೇ ಡೋಸ್ ಹಾಕಿದ್ದಾರಾ?"

ರಾಮಾಂಜಿನಪ್ಪನಿಗೆ ಅರ್ಥವಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬುಟ್ಟಿ ಅರ್ಥವಾಯಿತು, ಹತ್ತಿ ಅರ್ಥವಾಯಿತು, ಅಂಬರೀಶನ ಕೈಯ ಚೀಟಿಯಲ್ಲಿದ್ದ ‘ಓಬಳಮ್ಮ, ಗಂಗುಲಪ್ಪ’ ಅರ್ಥವಾಯಿತು, ಸ್ಟೀಲ್ ಲೋಟ ಅರ್ಥವಾಯಿತು. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಗೊಂಬೆಯಾಟದ ನಡುವೆ ಗೊಂಬೆ ಇಳಿಸಿದವನನ್ನು ಯಾರು ಮತ್ತೆ ಕರೆಯುತ್ತಾರೆ?

"ಹೂಂ ತಾಯಿ, ಹಾಕಿದ್ರು," ಅಂದ ಓಬಳಮ್ಮನ ಗಂಟಲಲ್ಲಿ.

"ಆಮೇಲೆ ತಲೆಸುತ್ತು, ಸುಸ್ತು ಏನಾದ್ರೂ ಬಂತಾಮ್ಮ?"

ಇದಕ್ಕೆ ಏನು ಹೇಳಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಹೊತ್ತು ತುಂಬಿಸಲು ಅವನು ಕೆಮ್ಮಿದ. ಒಂದು ಕೀರಲು, ಮೂರು ಗುದ್ದು. "ಅಯ್ಯೋ ನಾಯನಾ. ಕೆಮ್ಮು ಒಂದೇ ತಾಯಿ. ಅದು ಹಳೇದು."

"ಹುಷಾರಾಗಿರಿ ಅಮ್ಮ," ಅಂದಳು ಆ ಹುಡುಗಿ. ಮರುಕ ಇತ್ತು ದನಿಯಲ್ಲಿ. ಅದೇ ಅವನಿಗೆ ಚುಚ್ಚಿದ್ದು.

ಜಗಲಿಯಲ್ಲಿ ನಗುವೋ ನಗು. ಭಾನುಪ್ರಕಾಶ್ ಎದ್ದು, "ಭಾವಾ, ಹುಳ ನೋಡ್ಬೇಕಲ್ಲ ನಾನು," ಅಂದ. ತೋಳಿನ ಹತ್ತಿಯೊಂದಿಗೆ, ಮೈಗೆ ಹೊಡೆದುಕೊಂಡ ಸೆಂಟಿನೊಂದಿಗೆ, ಫೋನಿನೊಂದಿಗೆ ಹುಳುಮನೆಗೆ ನಡೆದ. ಬೊಗಸೆ ತುಂಬ ಹುಳ ಎತ್ತಿಕೊಂಡು ಫೋಟೋ ತೆಗೆಸಿಕೊಂಡ. ಸೊಪ್ಪಿನ ಹೊರೆ ಹೊತ್ತು ನಿಂತಿದ್ದ ಓಬಳಮ್ಮ, ಭಾವನವರಿಗೆ ದಾರಿ ಬಿಡಲು ಗೋಡೆಗೆ ಅಂಟಿಕೊಂಡಳು. ಕೆಮ್ಮು ಬಂದು ತಿಪ್ಪೆಗೆ ಓಡಿದಳು.

ಅವತ್ತು ಹುಳ ಸಾಯಲಿಲ್ಲ. ಮಾರನೇ ದಿನವೂ ಸಾಯಲಿಲ್ಲ. ಸ್ಪಿರಿಟ್ಟು, ಸೆಂಟು ಎರಡನ್ನೂ ಕುಡಿದು ಬೆಳೆ ಚಂದಾಗಿ ಹಣ್ಣಾಯಿತು. ರಾಮಾಂಜಿನಪ್ಪ ಹಣ್ಣಾದ ಹುಳ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡುತ್ತ, ಸತ್ತ ಹುಳ ಸಿಗುತ್ತದಾ ಅಂತ ತಡಕುತ್ತಿದ್ದ. ಒಂದಾದರೂ ಸತ್ತಿದ್ದರೆ ಮುರಳಣ್ಣ ಹೇಳಿದ್ದರಲ್ಲಿ ಅರ್ಧವಾದರೂ ನಿಜ ಅಂದುಕೊಳ್ಳಬಹುದಿತ್ತು.

ಅವತ್ತಿನಿಂದ ಅವನು ಓಬಳಮ್ಮನ ಕೆಮ್ಮು ಮಾಡಲಿಲ್ಲ. ಕೇಳಿದವರಿಗೆ ಗಂಟಲು ಕಟ್ಟಿದೆ ಅಂದ.

ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮೇಲೆ ಮುರಳಿಮೋಹನ್ ಕೊಟ್ಟ ಮಾತು ಉಳಿಸಿಕೊಂಡ. "ಹೋಗ್ಬಾ ಓಬಳಮ್ಮ. ಗಂಗುಲಪ್ಪ, ನೀನೂ ಹೋಗು, ನಿಂಗೂ ವಯಸ್ಸಾಯ್ತು. ರಾಮಾಂಜೀ, ಇಬ್ರನ್ನೂ ಕರ್ಕೊಂಡೋಗಪ್ಪ. ಅಲ್ಲೇನಾದ್ರೂ ಅಂದ್ರೆ ನೀನು ಸುಧಾರಿಸ್ತೀಯ." ಕೊನೆಯ ಮಾತು ಹೇಳುವಾಗ ಅವನು ರಾಮಾಂಜಿನಪ್ಪನ ಹೆಗಲ ಮೇಲೆ ಕೈ ಇಟ್ಟಿದ್ದ.

ಬಸ್ಸಿನಲ್ಲಿ ಓಬಳಮ್ಮ ಮಗಳ ಮದುವೆಗೆ ಹೊರಟವಳ ಹಾಗೆ ಕೂತಿದ್ದಳು. ತಲೆಗೆ ನೀರು ಹಾಕಿಕೊಂಡಿದ್ದಳು. ತೋಳು ಸುಲಭವಾಗಿ ಮೇಲೇರಲಿ ಅಂತ ಸಡಿಲ ರವಿಕೆ ಹಾಕಿದ್ದಳು. ಹೂ ಮಾರುವವಳ ಹತ್ತಿರ ಒಂದು ತುಂಡು ಮಲ್ಲಿಗೆ ತಗೊಂಡು ಮುಡಿದಿದ್ದಳು.

"ಹುಳ ಇಲ್ವಲ್ಲ ಈಗ, ಮುಡೀಬೋದು," ಅಂದಳು. "ಏನೋ ರಾಮಾಂಜಿ, ಮುಖ ಯಾಕೋ ಸಪ್ಪಗೈತೆ? ಆ ಡಾಕ್ಟರ ಹಂಗೆ ಮಾತಾಡೋ. ‘ಉಸಿರು ಎಳ್ಕೋ, ಬಿಡು.’ ಮಾಡೋ, ಬೇಜಾರು ಕಳೀಲಿ."

"ಗಂಟಲು ಸರಿ ಇಲ್ಲತ್ತೆ."

"ಇವನ್ ಗಂಟಲಿಗೂ ಒಂದು ಸೂಜಿ ಹಾಕ್ಸಣ," ಅಂದ ಗಂಗುಲಪ್ಪ.

ಹೇಳಿಬಿಡಬಹುದಿತ್ತು. ಬಸ್ಸು ಪ್ರತಿ ಸ್ಟಾಪಿನಲ್ಲಿ ನಿಂತಾಗಲೂ ಬಾಯಿ ತೆರೆಯುತ್ತಿದ್ದ, ಹೊರಟಾಗ ಮುಚ್ಚುತ್ತಿದ್ದ. ಕಂಪ್ಯೂಟರ್ ಮರೆತಿರಬಹುದು. ಕರೆಂಟ್ ಇಲ್ಲದಿರಬಹುದು. ಕೊಡುವವರೇ ಪಾಪ ಅಂತ ಕೊಟ್ಟುಬಿಡಬಹುದು. ಇಂಥ ಆಸೆಗಳನ್ನೆಲ್ಲ ಕಟ್ಟಿಕೊಂಡು ಅವನು ಪೇಟೆಯಲ್ಲಿ ಇಳಿದ.

ಹಳೇ ಛತ್ರದ ಅಂಗಳಕ್ಕೆ ನಡುವೆ ಹಗ್ಗ ಕಟ್ಟಿದ್ದರು. ಕೆಮ್ಮುವವರು ಒಂದು ಕಡೆ, ಕೆಮ್ಮದವರು ಇನ್ನೊಂದು ಕಡೆ. ಕೆಮ್ಮದವರ ಕಡೆಗೆ ಶೀಟಿನ ನೆರಳು, ಕೆಮ್ಮುವವರ ಕಡೆಗೆ ಬಿಸಿಲು. ಸೂಜಿಯ ಮೇಜು ನೆರಳಲ್ಲಿತ್ತು. ಹುಳುಮನೆಯ ಅಭ್ಯಾಸ ಇದ್ದ ಓಬಳಮ್ಮ ಸೆರಗು ಬಾಯಿಗೊತ್ತಿಕೊಂಡು, ಕೆಮ್ಮನ್ನು ನುಂಗಿಕೊಂಡು, ನೆರಳಿನ ಸಾಲಲ್ಲೇ ನಿಂತಳು. ಹಿಂದೆ ಗಂಗುಲಪ್ಪ, ಅವನ ಹಿಂದೆ ರಾಮಾಂಜಿನಪ್ಪ.

ಮೇಜಿನ ಹಿಂದೆ ತನುಜ ಅಂತ ಒಬ್ಬ ನರ್ಸು. ಬಾಟ್ಲಿ ಒಡೆದು, ಇಬ್ಬರಿಗೆ ಚುಚ್ಚಿ, ಓಬಳಮ್ಮನ ಆಧಾರ್ ತಗೊಂಡು ಕಂಪ್ಯೂಟರಿಗೆ ಹಾಕಿದಳು. ಹಾಕಿ, ತಲೆ ಎತ್ತಿದಳು.

"ಅಜ್ಜೀ, ನಿಮಗೆ ಆಗಿಹೋಗಿದೆಯಲ್ಲ."

"ಎರಡಾಗೈತೆ ಕಣಮ್ಮ. ಮೂರನೇದಕ್ಕೆ ಬಂದೆ."

"ಮೂರೂ ಆಗಿದೆ ಅಜ್ಜಿ."

"ಇಲ್ಲ ತಾಯೀ. ಹುಳ ಐತೆ ಅಂತ ಬರ್ಲಿಲ್ಲ ನಾನು."

ಸಾಲಿನ ಹಿಂದಿನಿಂದ ಯಾರೋ, "ಎರಡೆರಡು ಬೇಕಂತೆ ಅಜ್ಜಿಗೆ, ನೂರು ವರ್ಷ ಇರ್ಬೇಕಂತೆ," ಅಂದರು. ನಕ್ಕರು. ಗಂಗುಲಪ್ಪನೂ ನಕ್ಕ. "ಓಬಳೀ, ಮರ್ತೋಯ್ತಾ? ಯಾವಾಗ ಕದ್ದು ಹಾಕ್ಸ್ಕೊಂಡೆ?"

ತನುಜ ಕೆಟ್ಟವಳಲ್ಲ. ಪರದೆ ನೋಡಿಕೊಂಡು ಮೆತ್ತಗೆ ಹೇಳಿದಳು. "ನೋಡಿ, ಬೆಂಗಳೂರಿಂದ ನಿಮಗೆ ಫೋನ್ ಕೂಡ ಮಾಡಿದ್ದಾರೆ. ಹಾಕಿದ್ರು ಅಂತ ನೀವೇ ಹೇಳಿದೀರಿ. ಹಳೇ ಕೆಮ್ಮು ಇದೆ ಅಂತಾನೂ ಹೇಳಿದೀರಿ. ಇದೆಯಲ್ಲ ನಿಮಗೆ ಕೆಮ್ಮು?"

"ಐತೆ," ಅಂದಳು ಓಬಳಮ್ಮ. ಇದ್ದದ್ದನ್ನು ಇಲ್ಲ ಅನ್ನುವುದು ಹೇಗೆ?

ಅವಳು ಹುಬ್ಬು ಗಂಟಿಕ್ಕಿ ಏನನ್ನೋ ಹುಡುಕಿದಳು. ಆಮೇಲೆ ರವಿಕೆಯ ತೋಳನ್ನು ಮೇಲೇರಿಸಿ, ತನ್ನ ತೋಳನ್ನೇ ಬೆಳಕಿಗೆ ತಿರುಗಿಸಿ, ಬೆರಳಿಂದ ಸವರಿ ಸವರಿ ನೋಡಿದಳು. ಸೂಜಿಯ ಗುರುತು ಹುಡುಕುತ್ತಿದ್ದಳು. ಸುಕ್ಕನ್ನು ಹಿಗ್ಗಿಸಿ ನೋಡಿದಳು. ಈ ತೋಳಲ್ಲಿ ಇಲ್ಲವೆಂದು ಆ ತೋಳನ್ನೂ ಏರಿಸಿದಳು. ಅಷ್ಟು ಜನರ ಎದುರಿಗೆ.

ರಾಮಾಂಜಿನಪ್ಪ ನೆಲ ನೋಡಿದ. ನೆಲದಲ್ಲಿ ಓಬಳಮ್ಮನ ಜಡೆಯಿಂದ ಬಿದ್ದ ಒಂದು ಮಲ್ಲಿಗೆ ಇತ್ತು.

"ತಪ್ಪಾಯ್ತಮ್ಮ," ಅಂದಳು ಓಬಳಮ್ಮ. ತನುಜಾಗೆ ಕೈ ಮುಗಿದಳು. ಸಾಲಿನ ಕಡೆ ತಿರುಗಿ ಅವರಿಗೂ ಮುಗಿದಳು. "ವಯಸ್ಸಾಯ್ತು, ತಲೆ ನಿಲ್ಲಲ್ಲ. ನಿಮ್ ಹೊತ್ತು ತಿಂದೆ. ಮನಸ್ನಾಗೆ ಇಟ್ಕೋಬೇಡ್ರಪ್ಪಾ."

ಹಗ್ಗ ದಾಟಿ, ಬಿಸಿಲಿನ ಕಡೆಗೆ ಹೋದಳು. ಅಲ್ಲಿ ಕೂತು, ಇಷ್ಟು ಹೊತ್ತು ನುಂಗಿಕೊಂಡಿದ್ದ ಕೆಮ್ಮನ್ನು ಬಿಟ್ಟಳು. ಒಂದು ಕೀರಲು. ಮೂರು ಗುದ್ದು. ಮೂರಕ್ಕೆ ನಿಲ್ಲಲಿಲ್ಲ.

"ಮುಂದೆ ಬನ್ನಿ ತಾತ," ಅಂದಳು ತನುಜ.

ಗಂಗುಲಪ್ಪ ಮುಂದೆ ಹೆಜ್ಜೆ ಇಟ್ಟ. ಆಗ ಅವನ ಬೆನ್ನ ಹಿಂದಿನಿಂದ ಓಬಳಮ್ಮನ ದನಿ ಬಂತು.

"ಹೂಂ ತಾಯಿ, ಹಾಕಿದ್ರು. ಕೆಮ್ಮು ಒಂದೇ ತಾಯಿ. ಅದು ಹಳೇದು."

ತನುಜ ಬಿಸಿಲಿನ ಕಡೆ ನೋಡಿದಳು. ಓಬಳಮ್ಮನ ಬಾಯಿಗೆ ಸೆರಗು ಇತ್ತು. ಸಾಲಿನವರೂ ಅಲ್ಲಿ ಇಲ್ಲಿ ನೋಡಿದರು. ಒಬ್ಬಳು ಹೆಂಗಸು ಕಿಸಕ್ಕನೆ ನಕ್ಕಳು.

"ನಾನೇ," ಅಂದ ರಾಮಾಂಜಿನಪ್ಪ. "ಫೋನಲ್ಲಿ ಮಾತಾಡಿದ್ದು ನಾನು. ಈಯಮ್ಮ ಅಲ್ಲ." ಅಷ್ಟು ಹೇಳುವಷ್ಟರಲ್ಲಿ ಸ್ವಂತ ದನಿ ಕೈಕೊಟ್ಟಿತು. ಅಭ್ಯಾಸವಿಲ್ಲದ ದನಿ. ಮುಂದಿನದನ್ನು ಮುರಳಣ್ಣನ ಗಂಟಲಲ್ಲೇ ಹೇಳಿದ. "‘ಯಾಕಪ್ಪಾ ಕೆಳಗೆ ನಿಂತಿದೀಯ? ಬಾ, ಮೇಲೆ ಬಾ. ಓಬಳಮ್ಮನ ಹಂಗೆ ಮಾತಾಡು ನೋಡಣ.’" ಆಮೇಲೆ ಅಂಬರೀಶನ ಗಂಟಲಲ್ಲಿ, "‘ನೀವು ಹೆಸರು ಕೊಟ್ಟಿರಿ, ಓಟಿಪಿ ಕೊಟ್ಟಿರಿ, ನನಗೂ ಆಯ್ತು ನಿಮಗೂ ಆಯ್ತು.’"

ಮೊದಮೊದಲು ಜನ ನಕ್ಕರು. ಒಬ್ಬನ ಬಾಯಲ್ಲಿ ಇಷ್ಟು ಜನ ಬಂದರೆ ನಗದೆ ಏನು? ಆಮೇಲೆ ಒಬ್ಬೊಬ್ಬರೇ ನಿಲ್ಲಿಸಿದರು. 

ಗಂಗುಲಪ್ಪ ತಿರುಗಿದ. "ನಂದೂ ಹಾಕ್ಸ್ಕೊಂಡವ್ರಾ?"

"ನಿಂದು ಕವಿತಕ್ಕನ ತೋಳಲ್ಲೈತೆ ತಾತ. ಅತ್ತೇದು ಆ ಭಾವಂದ್ರಲ್ಲಿ."

"ಸ್ಪಿರಿಟ್ ವಾಸ್ನೆ ಅಂದ್ರಲ್ಲೋ? ಹುಳ ಸಾಯ್ತಾವೆ ಅಂದ್ರಲ್ಲೋ?"

"ಆ ಭಾವ ಹತ್ತಿ ಒತ್ಕೊಂಡೇ ಹುಳುಮನೆಗೆ ಹೋದ. ಒಂದು ಹುಳನೂ ಸಾಯ್ಲಿಲ್ಲ ತಾತ. ನಾನು ಹುಡುಕ್ದೆ."

ಗಲಾಟೆಗೆ ಒಳಗಿನಿಂದ ಕ್ಲಿನಿಕ್ಕಿನ ಉಸ್ತುವಾರಿ ದಕ್ಷಿಣಾಮೂರ್ತಿ ಬಂದರು. ತನುಜ ಹೇಳಿದ್ದನ್ನು ಕೇಳಿದರು. ರಾಮಾಂಜಿನಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನೀನು ಮಿಮಿಕ್ರಿ ಮಾಡೋನಾ?"

"ಹೌದು ಸಾರ್."

"ಹಾಗಾದ್ರೆ ನಿನ್ನ ಮಾತಿಗೆ ಏನಯ್ಯಾ ಬೆಲೆ? ಇವತ್ತು ಅವರ ಹಂಗೆ ಮಾತಾಡ್ತೀಯ, ನಾಳೆ ನನ್ನ ಹಂಗೂ ಮಾತಾಡ್ತೀಯ. ಯಾರ ಬಾಯಿಗೆ ಏನು ಬೇಕಾದ್ರೂ ತುಂಬ್ತೀಯ. ಮರ್ಯಾದಸ್ಥರ ಮೇಲೆ ಹೇಳೋವಾಗ ಸಾಕ್ಷಿ ಇರ್ಬೇಕು. ಒಂದು ಅರ್ಜಿ ಕೊಡಿ, ಪರಿಶೀಲಿಸ್ತೀವಿ. ಕಂಪ್ಯೂಟರಲ್ಲಿ ಆಗಿದೆ ಅಂತ ಇದ್ರೆ ಮತ್ತೆ ಹಾಕೋಕೆ ಬರಲ್ಲ. ಸಾಲು ಮುಂದೆ ನಡೀಲಿ."

ರಾಮಾಂಜಿನಪ್ಪ ಸುಳ್ಳು ಹೇಳಿದಾಗ ಬೆಂಗಳೂರಿನವರೆಗೆ ನಂಬಿದ್ದರು. ನಿಜಕ್ಕೆ ಈ ಅಂಗಳ ದಾಟುವ ಯೋಗ್ಯತೆ ಇರಲಿಲ್ಲ.

ಬಿಸಿಲಿನ ಕಡೆಯಿಂದ ಓಬಳಮ್ಮ ಎದ್ದು ಬಂದಳು. ಹಗ್ಗವನ್ನು ಎತ್ತಿ, ತಲೆ ಬಗ್ಗಿಸಿ ದಾಟಿ, ನೇರ ಅವನ ಮುಂದೆ ನಿಂತಳು.

"ನನ್ ಕೆಮ್ಮೂ ಹಾಕ್ದೇನೋ?"

"ಹಾಕ್ದೆ ಅತ್ತೆ."

"ಅವ್ರು ಹಾಕು ಅಂದ್ರಾ?"

"ಇಲ್ಲ. ಅದು ನಾನೇ ಹಾಕಿದ್ದು."

"ಏನ್ ಕೊಟ್ರು?"

"ಕಾಫಿ," ಅಂದ. ಇನ್ನೂ ಸಣ್ಣಗೆ, "ಸ್ಟೀಲ್ ಲೋಟದಲ್ಲಿ."

ಅವಳು ಬೈಯ್ಯಲಿಲ್ಲ. ಬೈದಿದ್ದರೆ ಆ ಬೈಗುಳದ ಹಿಂದೆ ಅವಿತುಕೊಳ್ಳಬಹುದಿತ್ತು. ಅವಳು ಅವನನ್ನು ಅಲ್ಲೇ ಬಿಟ್ಟು ಮೇಜಿನ ಹತ್ತಿರ ಹೋಗಿ, ಸೂಜಿ ಹಾಕಿಸಿಕೊಳ್ಳುವವರ ಸ್ಟೂಲಿನ ಮೇಲೆ ಕೂತಳು. ತೋಳು ಏರಿಸಿದಳು.

"ಏಳಮ್ಮ," ಅಂದರು ದಕ್ಷಿಣಾಮೂರ್ತಿ. "ನಿನಗೆ ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು ಸಾಮಿ. ಆಗ ತಪ್ಪಾಯ್ತು ಅಂದ್ನಲ್ಲ, ಅದನ್ನ ವಾಪಸ್ ತಗೊಂಡೆ. ಸಾಕ್ಷಿ ಬೇಕಂದ್ರಲ್ಲ, ಇದು ನನ್ ತೋಳು. ಆ ಭಾವನೂ ಬಂದು ತೋಳು ತೋರಿಸ್ಲಿ. ಬರೋವರ್ಗೂ ಇಲ್ಲೇ ಕೂತಿರ್ತೀನಿ."

"ಮುಂದಿನೋರು ಬನ್ರೀ!" ದಕ್ಷಿಣಾಮೂರ್ತಿ ಕೂಗಿದರು. "ನಿಂತ್ಕೊಂಡೇ ಹಾಕ್ಸ್ಕೊಳ್ಳಿ."

ಗಂಗುಲಪ್ಪ ಕದಲಲಿಲ್ಲ. ರಾಮಾಂಜಿನಪ್ಪನ ಹಿಂದಿದ್ದವಳು ಆಗ ಕಿಸಕ್ಕನೆ ನಕ್ಕಿದ್ದ ಹೆಂಗಸು. ತೋಳು ಏರಿಸಿಕೊಂಡೇ ಬಂದಿದ್ದಳು. ಸ್ಟೂಲಿನ ಮೇಲಿನ ಓಬಳಮ್ಮನನ್ನು ನೋಡಿದಳು. ರವಿಕೆಯ ತೋಳನ್ನು ಕೆಳಕ್ಕೆ ಎಳೆದುಕೊಂಡಳು.

"ನಮ್ಮತ್ತೇನೂ ಹೋದ ಗುರುವಾರ ಇದೇ ಮಾತು ಹೇಳಿ ಕಳಿಸಿದ್ರಿ," ಅಂದಳು. "ಆಗಿಹೋಗೈತೆ ಅಂತ. ನಾವೂ ಅವಳಿಗೆ ಅರಳುಮರಳು ಅಂದ್ಕೊಂಡ್ವಿ. ಮನೇಲಿ ದಿನಾ ಅದನ್ನೇ ಆಡ್ಕೊಂಡು ನಗ್ತೀವಿ." ಕಣ್ಣು ಒರೆಸಿಕೊಂಡಳು. "ಈಯಮ್ಮಂಗೆ ಮೊದ್ಲು ಹಾಕ್ರಿ. ಆಮೇಲೆ ನಂಗೆ."

ಗಂಗುಲಪ್ಪ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿದ. ಆ ಹೆಂಗಸಿನ ಹಿಂದಿನವನು ಇಳಿಸಿದ. ಸಾಲಿನ ಉದ್ದಕ್ಕೂ ತೋಳುಗಳು ಒಂದೊಂದಾಗಿ ಇಳಿದವು. ಒಬ್ಬಿಬ್ಬರು, ನಮಗ್ಯಾಕೆ ಬೇಕು ಅಂತ ಗೊಣಗಿದರು. ಆದರೆ ಅವರೂ ಮುಂದೆ ಬರಲಿಲ್ಲ.

"ಸಾರ್," ಅಂದಳು ತನುಜ. "ಬಾಟ್ಲಿ ಒಡೆದಿದೆ. ನಾಲ್ಕು ಗಂಟೆ ಒಳಗೆ ಮುಗೀದಿದ್ರೆ ಚೆಲ್ಬೇಕು. ಯಾಕೆ ಚೆಲ್ಲಿದ್ರಿ ಅಂತ ಮೇಲಿನೋರಿಗೆ ಬರ್ದುಕೊಡ್ಬೇಕು."

"ಗೊತ್ತು!" ಅಂದರು ದಕ್ಷಿಣಾಮೂರ್ತಿ. ಜೇಬಿನಿಂದ ಫೋನ್ ತೆಗೆದು, ಯಾರಿಗೆ ಮಾಡುವುದು ಅಂತ ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. ತನುಜ ಸೂಜಿಯನ್ನು ತಟ್ಟೆಯಲ್ಲಿಟ್ಟು ಕೈ ಕಟ್ಟಿ ಕೂತಳು. ಯಾರ ಪರವಾಗಿ ಕೈ ಕಟ್ಟಿದಳು ಅಂತ ಅವಳ ಮುಖ ಹೇಳಲಿಲ್ಲ.

ರಾಮಾಂಜಿನಪ್ಪನ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ‘ಮುರಳಣ್ಣ’. ಹೊಸ ಮರಿಹುಳ ಬರುವ ಹೊತ್ತು, ಕಾಲು ತೊಳೆದುಕೊಂಡು ಬರಬೇಕಾದ ಹೊತ್ತು. ಅವನು ಅದು ಬಡಿದುಕೊಂಡು ಬಡಿದುಕೊಂಡು ನಿಲ್ಲುವವರೆಗೆ ನೋಡಿದ. ಆಮೇಲೆ ಓಬಳಮ್ಮನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂರಲು ಹೋದ.

"ಇಲ್ಲಿ ಬೇಡ," ಅಂದಳು ಅವಳು, ಅವನ ಕಡೆ ನೋಡದೆ. "ಗೇಟಿನ ಹತ್ರ ಹೋಗಿ ನಿಂತ್ಕೋ."

"ಹೊರಗೆ ಹೋಗ್ಲಾ ಅತ್ತೆ?"

"ಗೇಟಿನ ಹತ್ರ ಅಂದೆ. ಬರೋರೆಲ್ಲ ಏನಾಯ್ತು ಅಂತ ಕೇಳ್ತಾರೆ. ನನಗೆ ಅಷ್ಟು ಉಸಿರಿಲ್ಲ. ನೀನ್ ಹೇಳು." ಒಂದು ಸುತ್ತು ಕೆಮ್ಮಿದಳು. ಈ ಸಲ ಸೆರಗು ಅಡ್ಡ ಹಿಡಿದಳೇ ಹೊರತು ಓಡಲಿಲ್ಲ. "ನನ್ ಗಂಟಲಲ್ಲಿ ಬೇಡ. ಅವನ್ದೂ ಬೇಡ. ನಿನ್ ಗಂಟಲಲ್ಲಿ ಹೇಳು."

ಅವನು ಗೇಟಿನ ಹತ್ತಿರ ಹೋಗಿ ನಿಂತ. ಬಿಸಿಲಿತ್ತು. ಚಿಂತಾಮಣಿ ಕಡೆಯಿಂದ ಬಂದ ಆಟೋದಿಂದ ಒಬ್ಬ ಮುದುಕನನ್ನು ಇಬ್ಬರು ಹಿಡಿದು ಇಳಿಸಿದರು.

"ಏನಣ್ಣಾ, ಸಾಲು ನಿಂತೋಗೈತೆ? ಏನಾಯ್ತು?"

ರಾಮಾಂಜಿನಪ್ಪ ಬಾಯಿ ತೆರೆದ. ಮೊದಲು ಬರೀ ಗಾಳಿ ಬಂತು.

"ನಾನು ಸೊಣ್ಣಗುಂಟೆ ರಾಮಾಂಜಿನಪ್ಪ," ಅಂದ. ಒರಟು ದನಿ, ನಡುವೆ ಒಡೆಯುತ್ತಿತ್ತು, ಯಾರ ಹಾಗೂ ಇರಲಿಲ್ಲ. "ಅಲ್ಲಿ ಕೂತವ್ಳಲ್ಲ ಓಬಳಮ್ಮ, ಅವಳ ಪಾಲಿನ ಸೂಜಿ ಕದ್ರು. ಕದ್ದೋರ ಜೊತೆ ನಾನೂ ಇದ್ದೆ."

ಯಾರೂ ನಗಲಿಲ್ಲ. ಮುದುಕ ಅವನ ಮುಖವನ್ನೇ ನೋಡುತ್ತ ನಿಂತ. ರಸ್ತೆಯಲ್ಲಿ ಇನ್ನೊಂದು ಆಟೋ ತಿರುಗಿ ಗೇಟಿನ ಕಡೆ ಬರುತ್ತಿತ್ತು.